ಮೂವತ್ತನೆಯ ಕುಳಿ

ಕಾಸಿಮಿರ್ ಎಂಬ ಊರಿನ ಬ್ಯಾಂಕಿನ ಮುಂದೆ ನಾರ್ಬರ್ಟ್ ಗ್ಲೊದೊವ್ಸ್ಕಿಯ ಹಸಿರು ಪಿಕಪ್ ಗಾಡಿ ನಿಂತಿದೆ ಎಂದರೆ ಅಂದು ಮಂಗಳವಾರ. ಹಾಲಿನ ಲಾರಿ ಓಡಿಸಿ ನಿವೃತ್ತನಾದ ಮೇಲೆ ಅವನು ಈ ವ್ರತ ತಪ್ಪಿಸಿದ್ದು ಎರಡೇ ಸಲ. ಒಮ್ಮೆ ಹಿಮ ಬಿದ್ದು ಊರಿನ ರಸ್ತೆಯೇ ಕಾಣೆಯಾಗಿದ್ದಾಗ, ಇನ್ನೊಮ್ಮೆ ಅತ್ತೆಯನ್ನು ಮಣ್ಣು ಮಾಡುವ ದಿನ ಮಂಗಳವಾರಕ್ಕೇ ಬಿದ್ದಾಗ. ಅತ್ತೆಯ ಮೇಲಿನ ಆ ಸಿಟ್ಟು ಅವನಿಗಿನ್ನೂ ಪೂರ್ತಿ ಇಳಿದಿಲ್ಲ ಎಂದು ಹೆಂಡತಿ ಬರ್ನಡೀನ್ ಹೇಳುತ್ತಾಳೆ.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಮಾರ್ಲಿಸ್ ಅವನಿಗಾಗಿ ಒಂದು ರಟ್ಟಿನ ಡಬ್ಬಿ ತರಿಸಿಟ್ಟಿರುತ್ತಿದ್ದಳು. ಅದರೊಳಗೆ ಅರ್ಧ ಡಾಲರ್ ನಾಣ್ಯಗಳ ಐವತ್ತು ಕಾಗದದ ಸುರುಳಿ, ಒಟ್ಟು ಸಾವಿರ ನಾಣ್ಯ, ಇಪ್ಪತ್ತೈದು ಪೌಂಡು ಭಾರ. ಅಷ್ಟನ್ನೂ ಮನೆಗೆ ಹೊತ್ತು, ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ಸುರುಳಿ ಒಡೆದು, ಹಳೆಯ ಬೆಳ್ಳಿಯದೇನಾದರೂ ಇದೆಯೇ ಎಂದು ಜಾಲಿಸಿ, ಉಳಿದದ್ದನ್ನು ಮತ್ತೆ ಸುತ್ತಿ ಹದಿನಾರು ಮೈಲಿ ಆಚೆಯ ಊರಿನ ಬ್ಯಾಂಕಿಗೆ ಕೊಟ್ಟು ಬರುವುದು ಅವನ ವಾರದ ಕೆಲಸ. ತಂದಲ್ಲಿಗೇ ವಾಪಸು ಕೊಡುವ ಹಾಗಿಲ್ಲ. ಕೊಟ್ಟರೆ ಮುಂದಿನ ವಾರ ಅವೇ ನಾಣ್ಯ ತಿರುಗಿ ಬಂದು ಮುಖ ತೋರಿಸುತ್ತವೆ.

"ಏನ್ ನಾರ್ಬ್, ಹೋದ ವಾರ ಎಷ್ಟು ಬೆಳ್ಳಿ ಸಿಕ್ತು ನಿಮಗೆ?" ಎಂದು ಮಾರ್ಲಿಸ್ ಕೇಳುತ್ತಿದ್ದಳು.

"ಒಂದು. ಅದೂ ಅರೆಬೆಳ್ಳಿ."

"ಸಾವಿರಕ್ಕೆ ಒಂದಾ? ನಮ್ಮ ಚರ್ಚಲ್ಲಿ ನಿಜವಾದ ಪಾಪ ಹೇಳ್ಕೊಳ್ಳೋರೂ ಇದಕ್ಕಿಂತ ಜಾಸ್ತಿ ಸಿಕ್ತಾರೆ."

"ನೀನು ಎಣಿಸ್ತಾ ಕೂತಿದೀಯ ಕಣಮ್ಮಾ, ನಾನು ಹುಡುಕ್ತಾ ಕೂತಿದೀನಿ. ಎರಡಕ್ಕೂ ವ್ಯತ್ಯಾಸ ಇದೆ," ಎಂದು ಅವನು ಡಬ್ಬಿಯನ್ನು ಎದೆಗವಚಿಕೊಂಡು ಹೊರಡುತ್ತಿದ್ದ.

ಈ ಹುಡುಕಾಟದ ಬೀಜ ಬಿತ್ತಿದವಳು ಅವನ ಅಜ್ಜಿ. ಆ ಕಡೆಯ ಪೋಲಿಷ್ ಮನೆಗಳಲ್ಲಿ ಅಜ್ಜಿಯನ್ನು ಬುಶಾ ಎನ್ನುತ್ತಾರೆ. ಮಳೆ ನಿಂತ ಮರುದಿನ ಬುಶಾ ಬುಟ್ಟಿ ಹಿಡಿದು ಅಣಬೆ ಹುಡುಕಲು ಕಾಡಿಗೆ ಹೋಗುತ್ತಿದ್ದಳು, ಮೊಮ್ಮಗನನ್ನೂ ಎಳೆದುಕೊಂಡು. "ಕೊಂಡ ಅಣಬೆ ಹೊಟ್ಟೆಗೆ, ಸಿಕ್ಕ ಅಣಬೆ ಜೀವಕ್ಕೆ," ಎಂಬುದು ಅವಳ ಮಾತು. ಮೊಮ್ಮಗನಿಗೆ ಅಣಬೆಯ ರುಚಿ ಹತ್ತಲಿಲ್ಲ, ಮಾತಿನ ರುಚಿ ಹತ್ತಿತು. ಹದಿನೈದನೆಯ ವಯಸ್ಸಿಗೆ ಹಾಲಿನ ಕ್ಯಾನು ಎತ್ತುವ ಕೆಲಸಕ್ಕೆ ಸೇರಿದಾಗ ಒಬ್ಬ ರೈತನ ಹೆಂಡತಿ ಭಕ್ಷೀಸೆಂದು ಅವನ ಕೈಗೆ ಒಂದು ಅರ್ಧ ಡಾಲರ್ ಇಟ್ಟಳು. ಒಂದು ಕಡೆ ಬಾವುಟ ಹೊದ್ದು ಸೂರ್ಯನತ್ತ ನಡೆದು ಹೋಗುತ್ತಿರುವ ಹೆಂಗಸು, ಇನ್ನೊಂದು ಕಡೆ ಬಂಡೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಅದನ್ನು ಖರ್ಚು ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಆಮೇಲೆ ಐವತ್ತೆಂಟು ವರ್ಷ ಆ ಹೆಂಗಸಿನ ಹಿಂದೆಯೇ ನಡೆದ.

ಅವನ ಬಳಿ ಒಂದು ನೀಲಿ ರಟ್ಟಿನ ಮಡಿಕೆ ಹಲಗೆ ಇದೆ. ಅದರಲ್ಲಿ ನಾಣ್ಯ ಒತ್ತಿ ಕೂರಿಸುವ ಮೂವತ್ತು ದುಂಡನೆಯ ಕುಳಿ, 1937ರಿಂದ 1947ರವರೆಗೆ, ಇಸವಿಗೊಂದು, ಟಂಕಸಾಲೆಗೊಂದು. ಪ್ರತಿ ಕುಳಿಯ ಕೆಳಗೂ ನಾರ್ಬರ್ಟ್ ಇರುವೆಯಂಥ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಆ ನಾಣ್ಯ ಎಲ್ಲಿ ಸಿಕ್ಕಿತೆಂದು ಬರೆದಿದ್ದ. "ಸ್ಕಿಬಾ ಅವರ ಕೊಟ್ಟಿಗೆ, ಕ್ಯಾನಿನ ಮುಚ್ಚಳದ ಮೇಲೆ, 1957." "ಬೌಲಿಂಗ್ ಆಟದ ಚಿಲ್ಲರೆ, 1961." ಕೊಂಡದ್ದು ಒಂದೂ ಇಲ್ಲ. ಬರೆದದ್ದನ್ನು ಅಳಿಸಿದ್ದೂ ಒಂದೂ ಇಲ್ಲ. ಪೆನ್ಸಿಲಿನ ತುದಿಯ ರಬ್ಬರು ಅಂಗಡಿಯಲ್ಲಿದ್ದಾಗಿನಂತೆಯೇ ಗುಲಾಬಿಯಾಗಿತ್ತು.

ಆ ಬರಹಗಳಲ್ಲಿ ಒಂದನ್ನು ಮಾತ್ರ ಬರ್ನಡೀನ್ ಬಂದ ನೆಂಟರಿಗೆಲ್ಲ ಓದಿ ಹೇಳುತ್ತಿದ್ದಳು. "1946. ನನ್ನ ಮದುವೆ, 1969, ಮೇಜಿನ ಕೆಳಗೆ." ಅಲ್ಲಿಯ ಪೋಲಿಷ್ ಮದುವೆಗಳಲ್ಲಿ ವಧುವಿನ ಜೊತೆ ಕುಣಿಯಬೇಕೆನ್ನುವವನು ಮೇಜಿನ ಮೇಲಿಟ್ಟ ಪಿಂಗಾಣಿ ತಟ್ಟೆಗೆ ಬೆಳ್ಳಿ ನಾಣ್ಯ ಬೀಸಿ ಹೊಡೆಯಬೇಕು. ತಟ್ಟೆ ಒಡೆದವನಿಗೆ ಕುಣಿತ. ಅಂದು ಹಳೆಯ ಮಾವಂದಿರು ಪೆಟ್ಟಿಗೆಯ ತಳದ ನಾಣ್ಯ ತಂದು ಬೀಸಿದರು. ತಟ್ಟೆಗೆ ಬಡಿದ ನಾಣ್ಯಗಳು ಉರುಳಿ ಮೇಜಿನಡಿಗೆ ಹೋದವು. ವಾದ್ಯದವರು ವರನ ಸರದಿ ಎಂದು ಪೋಲ್ಕಾ ಕುಣಿತದ ಹಾಡು ಶುರು ಮಾಡಿದರೆ ವರನೇ ಇಲ್ಲ.

"ಹೊಸ ಸೂಟು ಹಾಕ್ಕೊಂಡು ಮಂಡಿ ಊರಿ ಮೇಜಿನ ಕೆಳಗಿದ್ದ," ಎಂದು ಬರ್ನಡೀನ್ ಕಥೆ ಮುಗಿಸುತ್ತಿದ್ದಳು. "ಒಂದೊಂದೇ ನಾಣ್ಯ ಎತ್ತಿ ಇಸವಿ ನೋಡ್ತಿದ್ದ. ನಾನು ಮುಸುಕು ಹಾಕ್ಕೊಂಡು ಮೇಲೆ ನಿಂತಿದ್ದೆ. ಅವತ್ತೇ ನನಗೆ ಅರ್ಥ ಆಗ್ಬೇಕಿತ್ತು."

"ಅರ್ಥ ಆಗಿತ್ತು ಇವಳಿಗೆ," ಎನ್ನುತ್ತಿದ್ದ ನಾರ್ಬರ್ಟ್. "ತಟ್ಟೆ ಆಗಲೇ ಒಡೆದುಹೋಗಿತ್ತು, ಅದಕ್ಕೇ ವಾಪಸ್ ಹೋಗೋಕೆ ಆಗ್ಲಿಲ್ಲ."

ಮದುವೆಯ ಮೊದಲ ವಾರ್ಷಿಕಕ್ಕೆ ಬರ್ನಡೀನ್ ಗಂಡನಿಗೆ ಅಚ್ಚರಿ ಕೊಡಬೇಕೆಂದುಕೊಂಡಳು. ಹಲಗೆಯಲ್ಲಿದ್ದ ಹನ್ನೊಂದು ನಾಣ್ಯ ಬಿಡಿಸಿ, ಅಡುಗೆ ಸೋಡಾ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕನ್ನಡಿಯಂತೆ ಹೊಳೆಸಿ ಮತ್ತೆ ಕೂರಿಸಿದಳು. ನಾರ್ಬರ್ಟ್ ಹಲಗೆ ತೆರೆದವನು ಕುರ್ಚಿಯಲ್ಲಿ ಕುಸಿದ. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಬಾಯಿ ಬಿಟ್ಟವನು ಇಂದಿಗೂ ಮುಚ್ಚಿಲ್ಲ: ಹಳೆಯ ಬೆಳ್ಳಿಗೆ ಕಾಲವೇ ಹಚ್ಚಿದ ಒಂದು ತೊಗಲಿರುತ್ತದೆ, ತಿಕ್ಕಿದರೆ ಅದು ಹೋಯಿತು, ಹೋದದ್ದು ದೇವರಿಗೂ ತಿರುಗಿ ಕೊಡಲಾಗದು, ತೊಳೆದ ನಾಣ್ಯ ಸತ್ತ ನಾಣ್ಯ. ಆ ಹನ್ನೊಂದನ್ನೂ ಹೊಸದಾಗಿ ಹುಡುಕಲು ಅವನಿಗೆ ಹದಿಮೂರು ವರ್ಷ ಹಿಡಿಯಿತು. ಹಳೆಯ ಬರಹವನ್ನು ಅಳಿಸದೆ ಹೊಸದನ್ನು ಅದರ ಕೆಳಗೇ ಬರೆದ. ಅಲ್ಲಿಂದ ಮುಂದೆ ಬರ್ನಡೀನ್ ಮನೆಯಲ್ಲಿ ಬಾಗಿಲ ಹಿಡಿಯಿಂದ ಹಿಡಿದು ಏಸುವಿನ ಶಿಲುಬೆಯವರೆಗೆ ಎಲ್ಲವನ್ನೂ ಉಜ್ಜಿದಳು, ನಾಣ್ಯ ಒಂದನ್ನು ಬಿಟ್ಟು.

ಈಗ ಇಪ್ಪತ್ತೊಂಬತ್ತು ಕುಳಿ ತುಂಬಿದ್ದವು. ಉಳಿದದ್ದು ಒಂದೇ, 1938ರ ಡೆನ್ವರ್ ಟಂಕಸಾಲೆಯದು. ಹದ್ದು ಕೂತ ಬಂಡೆಯ ಕೆಳಗೆ ಎಳ್ಳುಕಾಳಿನಷ್ಟು ಪುಟ್ಟ 'ಡಿ' ಅಕ್ಷರ ಇರುವ ನಾಣ್ಯ. ಆ ವರ್ಷ ಅಲ್ಲಿ ಐದು ಲಕ್ಷವನ್ನೂ ಅಚ್ಚು ಹಾಕಲಿಲ್ಲ. ನಗರದ ನಾಣ್ಯದಂಗಡಿಯಲ್ಲಿ ಗಾಜಿನ ಕೆಳಗೆ ಅದು ಸದಾ ಸಿಗುತ್ತಿತ್ತು. ನಾರ್ಬರ್ಟ್ ಆ ಅಂಗಡಿಯ ಮುಂದೆ ಹೋಗುವಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದ.

"ಕೊಂಡ್ಕೊ ಮಾರಾಯ," ಎಂದು ಬರ್ನಡೀನಳ ತಮ್ಮ ಕ್ಲೆಮ್ ಶುಕ್ರವಾರದ ಮೀನೂಟದಲ್ಲಿ ಹೇಳಿಯೇ ಹೇಳುತ್ತಿದ್ದ. ಕ್ಲೆಮ್ ಊರಿನ ಹಳೆಯ ಕ್ಷೌರಿಕ, ಕತ್ತರಿ ಬಿಟ್ಟರೂ ನಾಲಿಗೆ ಬಿಟ್ಟವನಲ್ಲ. "ಅರವತ್ತು ಡಾಲರ್. ನೀನು ಬ್ಯಾಂಕಿಗೆ ಓಡಾಡೋ ಪೆಟ್ರೋಲಿಗೆ ಅಂಥವು ಹತ್ತು ಬರ್ತಿದ್ವು."

"ಕೊಂಡರೆ ಅದು ನನ್ನದಾಗುತ್ತೆ, ನನಗೆ ಸಿಕ್ಕಿದ್ದಾಗಲ್ಲ."

"ಬುಶಾ ಸತ್ತು ಐವತ್ತು ವರ್ಷ ಆಯ್ತು ಕಣೋ. ನಿನ್ನ ಮೇಲೆ ಕಣ್ಣಿಟ್ಟಿಲ್ಲ ಅವಳು."

"ನಿನಗೇನ್ ಗೊತ್ತು," ಎಂದು ನಾರ್ಬರ್ಟ್ ಮೀನಿಗೆ ನಿಂಬೆ ಹಿಂಡುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ಎಷ್ಟು ಹೊತ್ತು ವಾದಿಸುವುದು ಎಂದು ಕ್ಲೆಮ್ ಇಸ್ಪೀಟೆಲೆ ಕಲಸುತ್ತಿದ್ದ.

ಅಸಲಿ ತೊಂದರೆ ಬೇರೆಯೇ ಇತ್ತು. ನಾರ್ಬರ್ಟನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎರಡು ವರ್ಷದ ಹಿಂದೆಯೇ ಡಾಕ್ಟರು ತೆಗೆಸಿಬಿಡಿ ಎಂದಿದ್ದರು. "ಇನ್ನೂ ಪೂರ್ತಿ ಬೆಳೆದಿಲ್ಲ," ಎಂದು ಇವನೇ ಡಾಕ್ಟರಾಗಿ ಮುಂದಕ್ಕೆ ಹಾಕಿದ. ಒಂದು ಬೆಳಿಗ್ಗೆ ಚರ್ಚಿನ ಎದುರು ನಿಂತಿದ್ದ ಕರಿಯ ಕಸದ ಡಬ್ಬಿಗೆ ಟೋಪಿ ತೆಗೆದು "ಶುಭೋದಯ ಫಾದರ್" ಎಂದದ್ದನ್ನು ಊರೇ ಕಂಡಿತು. ಅಂದಿನಿಂದ ಪಿಕಪ್ಪಿನ ಸ್ಟೀರಿಂಗ್ ಹಿಡಿದು ಬರ್ನಡೀನ್ ಕೂರತೊಡಗಿದಳು. ಅವಳಿಗೆ ಅಭ್ಯಾಸ ಆಗಲಿ ಎಂದು ತಾನೇ ಬಿಟ್ಟುಕೊಟ್ಟೆ ಎಂದು ಅವನು ಹೇಳಿಕೊಂಡು ತಿರುಗಿದ. ಅವಳು ಗಾಡಿ ಓಡಿಸಲು ಶುರು ಮಾಡಿ ಐವತ್ತು ವರ್ಷವಾಗಿತ್ತು.

ಬೆಳ್ಳಿಯನ್ನು ಗುರುತಿಸಲು ಅವನಿಗೆ ಕಣ್ಣು ಬೇಕಿರಲಿಲ್ಲ. ಮೇಜಿನ ಮೇಲೆ ಬೀಳಿಸಿದರೆ ಬೆಳ್ಳಿ ಹಾಡುತ್ತದೆ, ಈಗಿನ ತಾಮ್ರದ ನಾಣ್ಯ ಕೆಮ್ಮುತ್ತದೆ. ಆದರೆ ಇಸವಿಗೆ, ಎಳ್ಳುಕಾಳಿನ 'ಡಿ'ಗೆ ಕಣ್ಣು ಬೇಕು. ಅದಕ್ಕೇ ಮಧ್ಯಾಹ್ನದ ಊಟ ಮುಗಿದೊಡನೆ, ಕಿಟಕಿಗೆ ಬಿಸಿಲು ನೇರ ಬೀಳುವ ಹೊತ್ತಿಗೆ, ಭೂತಗನ್ನಡಿ ಹಿಡಿದು ಕೂರುತ್ತಿದ್ದ.

ಜೂನ್ ತಿಂಗಳ ಒಂದು ಮಂಗಳವಾರ ಮಾರ್ಲಿಸ್ ಎಂದಿನಂತೆ ಚೇಷ್ಟೆ ಮಾಡಲಿಲ್ಲ. ಕೌಂಟರಿನ ಮೇಲೆ ಬಾಗಿ ಮೆಲ್ಲಗೆ, "ನಾರ್ಬ್, ಹೊಸ ಮ್ಯಾನೇಜರು ಅರ್ಧ ಡಾಲರ್ ತರಿಸೋದು ಬೇಡ ಅಂದ್ಬಿಟ್ರು. ಇಡೀ ಊರಲ್ಲಿ ಒಬ್ಬರಿಗೋಸ್ಕರ ಯಾಕೆ ಅಂತಾರೆ. ಮುಂದಿನ ವಾರದ್ದೇ ಕೊನೇ ಡಬ್ಬಿ," ಎಂದಳು.

ಆಚೆ ಊರಿನ ಬ್ಯಾಂಕಿನಲ್ಲಿ ನಾರ್ಬರ್ಟನ ಖಾತೆ ಇರಲಿಲ್ಲ. ಅವರು ಸುಮ್ಮನೆ ಚಿಲ್ಲರೆ ತೆಗೆದುಕೊಳ್ಳುತ್ತಿದ್ದುದೇ ದೊಡ್ಡ ಉಪಕಾರ, ಡಬ್ಬಿ ತರಿಸಿಕೊಡುವುದು ದೂರದ ಮಾತು. ಅವನಿಗೆ ಎಪ್ಪತ್ತಮೂರು ವಯಸ್ಸು. ಕೊನೆಯ ಒಂದು ಸಾವಿರ ನಾಣ್ಯ, ಖಾಲಿ ಇರುವ ಒಂದು ಕುಳಿ. ಆ ಶುಕ್ರವಾರ, ವಾರವಾರ ಮೀನೂಟಕ್ಕೆ ಸೇರುವ ಸ್ತಾನ್‌ನ ಬಾರಿನಲ್ಲಿ, ಅವನು ಬ್ರಾಂದಿಯನ್ನೂ ಮುಗಿಸಲಿಲ್ಲ. ಕ್ಲೆಮ್ ಕೂಡ ಅಂದು "ಕೊಂಡ್ಕೊ" ಎನ್ನಲಿಲ್ಲ.

ಕೊನೆಯ ಡಬ್ಬಿ ಮನೆಗೆ ಬಂತು. ಬುಧವಾರ ಮಧ್ಯಾಹ್ನ ಹದಿನಾಲ್ಕನೆಯ ಸುರುಳಿ ಒಡೆದಾಗ ಮೇಜಿನ ಮೇಲೆ ಒಂದು ನಾಣ್ಯ ಹಾಡಿತು. ಎತ್ತಿ ನೋಡಿದರೆ ನಡೆಯುವ ಹೆಂಗಸು. ಭೂತಗನ್ನಡಿ ಹಿಡಿದ. 1938. ತಿರುಗಿಸಿದ. ಬಂಡೆಯ ಕೆಳಗೆ ಮಸುಕಾದ, ಆದರೆ ಅನುಮಾನವೇ ಇಲ್ಲದ ಪುಟ್ಟ 'ಡಿ'.

ನಾರ್ಬರ್ಟ್ ಕೂಗಲಿಲ್ಲ. ಎದ್ದು ನಿಂತು, ಹಿಂಬಾಗಿಲಿಂದ ಹೊರಗೆ ಹೋಗಿ, ಟೊಮ್ಯಾಟೊ ಗಿಡಗಳ ನಡುವೆ ಎರಡು ಹೆಜ್ಜೆ ಪೋಲ್ಕಾ ಹಾಕಿ, ಏನೂ ಆಗದವನಂತೆ ಒಳಗೆ ಬಂದ. ಹೆಂಡತಿಗೆ ಹೇಳಲಿಲ್ಲ. ಬರ್ನಡೀನ್‌ಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಊರಿಗೆ ಹೇಳಿದಂತೆ. ಶುಕ್ರವಾರ, ಎಲ್ಲರೂ ಮೀನಿಗೆ ಕೂತಾಗ, ಕ್ಲೆಮ್‌ನ ಮೂಗಿನ ಮುಂದೆ ಇಡಬೇಕು. ಆಮೇಲೆ ಮನೆಗೆ ಬಂದು ಕುಳಿಗೆ ಒತ್ತಬೇಕು. ಕೆಳಗೆ ಬರೆಯುವ ಸಾಲು ಕೂಡ ಮನಸ್ಸಿನಲ್ಲಿ ಸಿದ್ಧವಾಯಿತು: "ಕೊನೆಯ ಡಬ್ಬಿ, 2013." ಆ ರಾತ್ರಿ ಅವನು ಮಗುವಿನಂತೆ ನಿದ್ದೆ ಹೋದ.

ಗುರುವಾರ ಕ್ಲೆಮ್ ಡೋನಟ್ ತಂದ. ಕ್ಲೆಮ್ ಗುರುವಾರ ಬರುವವನಲ್ಲ, ಡೋನಟ್ ತರುವವನಂತೂ ಅಲ್ಲವೇ ಅಲ್ಲ. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ," ಎಂದು ಮೇಜಿನ ಹತ್ತಿರ ಕೂತ. ನಾರ್ಬರ್ಟ್ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ, ತಲೆಗೆ ಬೆಂಕಿ ಬಿದ್ದವನಂತೆ ಹೊರಟೇಹೋದ. ಉಳಿದ ನಾಣ್ಯಗಳ ರಾಶಿಗೆ ನಾರ್ಬರ್ಟ್ ಕೈ ಹಾಕಿದರೆ ಇನ್ನೊಂದು ಹಾಡಿತು.

1938. ಡಿ.

ಅವನು ಎರಡನ್ನೂ ಪಕ್ಕಪಕ್ಕ ಇಟ್ಟ. ಐವತ್ತೆಂಟು ವರ್ಷ ಒಂದೂ ಸಿಗದ್ದು ಎರಡು ದಿನದಲ್ಲಿ ಎರಡು ಸಿಕ್ಕಿತೆಂದು ನಂಬಲು ಅವನ ಕಣ್ಣಿಗೆ ಪೊರೆ ಬಂದಿತ್ತೇ ಹೊರತು ಬುದ್ಧಿಗಲ್ಲ. ಎದ್ದು ಕಸದ ಬುಟ್ಟಿ ಬಗ್ಗಿಸಿ, ಬುಧವಾರದ ಹದಿನಾಲ್ಕನೆಯ ಸುರುಳಿಯ ಕಾಗದ ಹುಡುಕಿ ತೆಗೆದು, ಕಿಟಕಿಗೆ ಹಿಡಿದು ನೋಡಿದ. ಯಂತ್ರ ಮಡಿಸಿದ ಅಂಚು ಉಂಗುರದಂತೆ ಒಂದೇ ಸಮ ಇರುತ್ತದೆ. ಇದರ ಒಂದು ತುದಿ ಹಾಗಿತ್ತು, ಇನ್ನೊಂದು ತುದಿಯನ್ನು ಯಾರೋ ಹೆಬ್ಬೆರಳಿನಿಂದ ಒತ್ತಿ ಮಡಿಸಿದ್ದರು. ಒತ್ತಿದಲ್ಲಿ ಸ್ವಲ್ಪ ಕೆಂಪು ಬಣ್ಣ ಹತ್ತಿತ್ತು. ಮಾರ್ಲಿಸ್ ವಾರವಾರ ಉಗುರಿಗೆ ಹಚ್ಚುವ ಕೆಂಪು.

ಅವನಿಗೆ ಸಿಟ್ಟು ಬಂತು. ಬುಧವಾರದ ನಾಣ್ಯ ಇಪ್ಪತ್ತಾರು ಗಂಟೆ ಅವನದಾಗಿತ್ತು, ಈಗ ಅದೂ ಹೋಯಿತು. ಟೊಮ್ಯಾಟೊ ಗಿಡಗಳ ನಡುವೆ ಹಾಕಿದ ಪೋಲ್ಕಾ ನೆನೆದು ಕಿವಿ ಬಿಸಿಯಾಯಿತು. ತನ್ನನ್ನು ಇವರೆಲ್ಲ ಮಕ್ಕಳಾಟದ ಮಗು ಮಾಡಿದರಲ್ಲ ಎಂದು ನೋವಾಯಿತು. ಕಣ್ಣು ಕಾಣದ ಮುದುಕ, ಏನು ಎಸೆದರೂ ಹೆಕ್ಕಿಕೊಂಡು ಕುಣಿಯುತ್ತಾನೆ ಎಂದುಕೊಂಡರೇ? ಎರಡನ್ನೂ ಅವರವರ ಮುಖಕ್ಕೆ ಎಸೆದು ಬರಬೇಕು ಎಂದುಕೊಂಡ. ಹೆಂಡತಿಗೆ ಹೇಳಿ ಹಗುರಾಗಬೇಕೆಂದು ಬಾಯಿ ತೆರೆದವನು ಮತ್ತೆ ಮುಚ್ಚಿದ. ಅವಳ ತಮ್ಮನನ್ನು ಬೈದರೆ ಅವಳು ಇನ್ನೊಂದು ಕಥೆ ಶುರು ಮಾಡುತ್ತಾಳೆ.

ಶುಕ್ರವಾರ ಮಧ್ಯಾಹ್ನ ಕೊನೆಯ ಹತ್ತು ಸುರುಳಿ ಉಳಿದಿದ್ದವು. ಬರ್ನಡೀನ್ ಅಂದು ಯಾಕೋ ಮೇಜನ್ನು ಮೂರು ಸಲ ಒರೆಸಿದಳು. ನಲವತ್ತೆಂಟನೆಯ ಸುರುಳಿ ಬಿಚ್ಚಿ ಸುರಿದಾಗ, ಫೋನು ಬಂದಿದೆ, ಯಾರೋ ನಿನ್ನನ್ನೇ ಕೇಳುತ್ತಿದ್ದಾರೆ ಎಂದು ಅವನನ್ನು ಪಡಸಾಲೆಗೆ ಓಡಿಸಿದಳು. ಫೋನಿನಲ್ಲಿ ಯಾರೂ ಇರಲಿಲ್ಲ. ಅವನು ತಿರುಗಿ ಬಂದು ಕೂತ. ಕಂದುಗಟ್ಟಿದ ನಾಣ್ಯಗಳ ರಾಶಿಯ ನಡುವೆ ಒಂದು ನಾಣ್ಯ ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು.

ಭೂತಗನ್ನಡಿ ಬೇಕಾಗಲಿಲ್ಲ. 1938, ಬರಿಗಣ್ಣಿಗೇ ಕಂಡಿತು. ಹೆಂಗಸಿನ ಸೆರಗಿನ ಹಾಗೆ ಹಾರುವ ಬಾವುಟದ ನೆರಿಗೆಗಳಲ್ಲಿ ಬಿಳಿಯ ಪುಡಿ ಕೂತಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ತಾಗಿಸಿದ. ಅಡುಗೆ ಸೋಡಾ.

ಬರ್ನಡೀನ್ ಒಲೆಯ ಕಡೆ ಮುಖ ಮಾಡಿ ನಿಂತು, ಕುದಿಯದ ನೀರನ್ನು ಕದಡುತ್ತಿದ್ದಳು.

ಮೊದಲು ಬಂದದ್ದು ಹಳೆಯ ರೋಷವೇ. ನಲವತ್ತಮೂರು ವರ್ಷ ಹೇಳಿದ್ದೇನು, ಇವಳು ಮಾಡಿದ್ದೇನು! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದು ಬಾಯಿ ತೆರೆದ. ಅಷ್ಟರಲ್ಲಿ ಅವನಿಗೆ ಹೊಳೆಯಿತು. ಇವಳು ಮರೆತವಳಲ್ಲ. ಆ ಮೂರು ದಿನದ ಮೌನ ಉಂಡವಳು ಮರೆಯುವ ಮಾತೇ ಇಲ್ಲ. ತೊಳೆಯಬಾರದೆಂದು ಈ ಜಿಲ್ಲೆಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಇವಳಿಗೆ. ಗೊತ್ತಿದ್ದೂ ತಿಕ್ಕಿದ್ದಾಳೆ. ಮಸುಕು ನಾಣ್ಯವಾದರೆ ತನ್ನ ಕಣ್ಣಿಗೆ ತಪ್ಪಿ ಹೋದೀತು ಎಂದು, ಬೈಗುಳಕ್ಕೆ ತಯಾರಾಗಿ, ಎಲ್ಲೋ ನಿಂತು ಬ್ರಷ್ಷಿನಿಂದ ತಿಕ್ಕಿದ್ದಾಳೆ. ಅಂದರೆ ತನ್ನ ಕಣ್ಣು ಎಷ್ಟು ಮಸುಕಾಗಿದೆ ಎಂಬುದು ತನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವನು ತೆರೆದ ಬಾಯಿಯಲ್ಲಿ, "ಊಟಕ್ಕೆ ಎಷ್ಟೊತ್ತಿಗೆ ಹೊರಡೋಣ?" ಎಂದು ಕೇಳಿದ.

ಐದು ಗಂಟೆಗೆ ಸ್ತಾನ್‌ನ ಬಾರಿನಲ್ಲಿ ನಾಲ್ವರೂ ಒಂದೇ ಮೇಜಿಗೆ ಕೂತರು. ಮಾರ್ಲಿಸ್ ಸಾಮಾನ್ಯವಾಗಿ ಗೆಳತಿಯರ ಜೊತೆ ಕೂರುವವಳು, ಅಂದು ಇವರ ಹತ್ತಿರ ಬಂದಿದ್ದಳು. ಹುರಿದ ಮೀನು, ರೈ ಬ್ರೆಡ್ಡು, ಎಲೆಕೋಸಿನ ಪಚಡಿ ಬಂದವು.

"ಏನಪ್ಪಾ, ಕೊನೇ ಡಬ್ಬೀಲಿ ಏನಾದ್ರೂ ಸಿಕ್ತಾ?" ಎಂದ ಕ್ಲೆಮ್. "ಹಂಗೇ ಕೇಳ್ದೆ."

ನಾರ್ಬರ್ಟ್ ಜೇಬಿನಿಂದ ಒಂದು ನಾಣ್ಯ ತೆಗೆದು ಮೇಜಿನ ಮೇಲಿಟ್ಟ. "ಮೂವತ್ತೆಂಟು, ಡಿ."

ಮೂರು ಮುಖಗಳೂ ಒಟ್ಟಿಗೇ ಅರಳಿದವು. ಪ್ರತಿಯೊಬ್ಬರೂ ತಮ್ಮದೇ ಎಂದುಕೊಂಡು, ಅದನ್ನು ಮುಚ್ಚಿಡಲು ಮೀನಿನ ಕಡೆ ಬಗ್ಗಿದರು.

"ಇನ್ನೊಂದು," ಎಂದು ನಾರ್ಬರ್ಟ್ ಅದರ ಪಕ್ಕಕ್ಕೆ ಎರಡನೆಯದನ್ನು ಇಟ್ಟ. ಮುಳ್ಳುಚಮಚಗಳು ನಿಂತವು. "ಮತ್ತೆ ಇದೊಂದು." ಮೂರನೆಯದು ದೀಪದ ಬೆಳಕಿಗೆ ಮಿಂಚಿತು. "ದೇವರು ದೊಡ್ಡೋನು. ಐವತ್ತೆಂಟು ವರ್ಷ ಕೈ ಮುಷ್ಟಿ ಹಿಡಿದಿದ್ದ. ಈ ವಾರ ಯಾಕೋ ತುಂಬಾ ಕುಡಿದಿದ್ದ ಅಂತ ಕಾಣುತ್ತೆ."

"ಪವಾಡ!" ಎಂದ ಕ್ಲೆಮ್. ಅವನ ಬೋಳು ತಲೆಯ ಮೇಲೆ ಬೆವರು ಒಡೆದಿತ್ತು. "ನಾನಂತೂ ನಿಮ್ಮನೆಗೆ ಬಂದಿದ್ದು ಡೋನಟ್ ಕೊಡೋಕೆ ಅಷ್ಟೇ."

ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳ ಎಂದೂ ಅಂದಿರಲಿಲ್ಲ.

"ನನಗಿರೋದು ಒಂದೇ ಕುಳಿ," ಎಂದ ನಾರ್ಬರ್ಟ್, ಬಹಳ 'ಮುಗ್ಧ'ನಾಗಿ. "ಉಳಿದೆರಡನ್ನ ಸುರುಳೀಲಿ ಸುತ್ತಿ ಸೋಮವಾರ ಆ ಊರಿನ ಬ್ಯಾಂಕಿಗೆ ಹಾಕ್ಬಿಡ್ತೀನಿ. ಯಾವನೋ ಇನ್ನೊಬ್ಬ ಹುಚ್ಚನಿಗೆ ಸಿಗ್ಲಿ ಪಾಪ. ಹೋದ್ರೆ ಏನ್ ಹೋಯ್ತು, ಐವತ್ತೈವತ್ತು ಸೆಂಟು."

"ಐವತ್ತು ಸೆಂಟಾ?" ಕ್ಲೆಮ್ ಕುರ್ಚಿಯಿಂದ ಎದ್ದೇಬಿಟ್ಟ. "ಅರವತ್ತೆರಡು ಡಾಲರ್ ಕೊಟ್ಟಿದೀನಿ ಕಣೋ ಅದಕ್ಕೆ!"

ಇಡೀ ಬಾರು ತಿರುಗಿ ನೋಡಿತು. ಕ್ಲೆಮ್ ಮೆಲ್ಲಗೆ ಕೂತ.

ಮಾರ್ಲಿಸ್ ಮೊದಲು ನಕ್ಕಳು, ಆಮೇಲೆ ಕೆಂಪು ಉಗುರಿನ ಬೆರಳಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ದೇವರೇ. ಅಂಗಡಿಯವನು ಹೇಳ್ದ ನನಗೆ, 'ಮೂವತ್ತೆಂಟರ ಡಿ ಕೇಳ್ಕೊಂಡು ಈ ವಾರ ನಿಮ್ಮೂರಿಂದ ಬಂದೋರು ನೀವೇ ಮೂರನೇಯವರು' ಅಂತ. ಆಗಲೇ ನನಗೆ ಹೊಳೀಬೇಕಿತ್ತು. ನಾರ್ಬ್, ಬೇಜಾರಾಯ್ತಾ ನಿಮಗೆ? ಇಪ್ಪತ್ತು ವರ್ಷ ಆ ಡಬ್ಬಿ ಎತ್ತಿಕೊಟ್ಟಿದೀನಿ. ಕೊನೇ ಸಲ ನೀವು ಬರಿಗೈಲಿ ಹೋಗೋದು ನೋಡೋಕಾಗ್ಲಿಲ್ಲ."

"ಬೇಜಾರಾಯ್ತು," ಎಂದ ನಾರ್ಬರ್ಟ್. "ಗುರುವಾರ ಇಡೀ ದಿನ ಬೇಜಾರಾಗಿದ್ದೆ. ಇವತ್ತು ಮಧ್ಯಾಹ್ನ ಮುಗೀತು."

ಕ್ಲೆಮ್ ಹೊಳೆಯುವ ನಾಣ್ಯವನ್ನು ಎತ್ತಿ ತಿರುಗಿಸಿ ನೋಡಿದ. "ನನ್ನದೊಂದು, ಮಾರ್ಲಿಸ್‌ದೊಂದು. ಇದ್ಯಾರದ್ದು? ಸಾರಿನ ಪಾತ್ರೆ ಉಜ್ಜಿದ ಹಾಗೆ ಉಜ್ಜಿದಾರೆ. ತೊಳೆದ ನಾಣ್ಯ ನಿನ್ನ ಹೊಸಿಲೂ ದಾಟಬಾರದಲ್ವಾ?"

ಬರ್ನಡೀನ್ ಪಚಡಿಯಲ್ಲಿ ಎಲೆಕೋಸಿನ ಒಂದೊಂದೇ ಎಳೆ ಬಿಡಿಸುತ್ತಿದ್ದಳು.

"ಅದು ಡಬ್ಬೀಲೇ ಇತ್ತು," ಎಂದ ನಾರ್ಬರ್ಟ್. ನಾಣ್ಯದ ವಿಷಯದಲ್ಲಿ ಅವನು ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು ಅದು. "ಯಾರೋ ಕಷ್ಟಪಟ್ಟು ಉಜ್ಜಿದಾರೆ. ಇಡು ಕೆಳಗೆ, ನಿನ್ನ ಕೈಯೆಲ್ಲ ಎಣ್ಣೆ."

ಕ್ಲೆಮ್‌ನದನ್ನು ಕ್ಲೆಮ್‌ಗೆ, ಮಾರ್ಲಿಸ್‌ಳದನ್ನು ಮಾರ್ಲಿಸ್‌ಗೆ ತಳ್ಳಿದ. ಮಾರ್ಲಿಸ್ ಒಪ್ಪಲಿಲ್ಲ. ಸೋಮವಾರ ಅದನ್ನು ನಿಜವಾಗಿಯೂ ಆಚೆ ಬ್ಯಾಂಕಿಗೇ ಹಾಕಿ, ಇನ್ನೊಬ್ಬ ಹುಚ್ಚನಿಗೆ ಸಿಗಲಿ, ಎಂದಳು. ಕ್ಲೆಮ್ ತನ್ನದನ್ನು ಕರವಸ್ತ್ರದಲ್ಲಿ ಕಟ್ಟಿ ಒಳಜೇಬಿಗೆ ಇಳಿಸಿದ. ಬಿಲ್ಲನ್ನೂ ತಾನು ಕೊಡಲಿಲ್ಲ.

ಮನೆಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ದಾರಿಯುದ್ದಕ್ಕೂ ಗಾಡಿ ಓಡಿಸುತ್ತ ಬರ್ನಡೀನ್ ಒಂದೂ ಮಾತಾಡಿರಲಿಲ್ಲ. ಅದು ಅವಳ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ನಾರ್ಬರ್ಟ್‌ಗೆ ಗೊತ್ತಿತ್ತು. ಅವನು ನೀಲಿ ಹಲಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿದ.

"ತೊಳೀಬಾರದು ಅಂತ ಗೊತ್ತಿತ್ತಲ್ಲ ನಿನಗೆ?"

"ಗೊತ್ತಿಲ್ಲದೆ ಇರುತ್ತಾ?" ಎಂದಳು ಅವಳು, ಕೋಟು ಬಿಚ್ಚದೆ ನಿಂತೇ. "ನಿನ್ನ ಪ್ರವಚನ ಫಾದರ್ ಪ್ರವಚನಕ್ಕಿಂತ ಜಾಸ್ತಿ ಸಲ ಕೇಳಿದೀನಿ. ನಿನಗೆ ಕಾಣ್ಲಿ ಅಂತ ಉಜ್ಜಿದೆ. ಬೈಸ್ಕೊಂಡ್ರೂ ಚಿಂತೆ ಇಲ್ಲ, ತಪ್ಪಿ ಹೋಗೋದು ಬೇಡ ಅಂತ. ಬ್ರಷ್ ತಗೊಂಡು ಮೂರು ಸಲ ವಾಪಸ್ ಇಟ್ಟೆ, ಗೊತ್ತಾ?"

"ಸೋಮವಾರ ಆ ಕಣ್ಣಿನ ಡಾಕ್ಟರಿಗೆ ಫೋನ್ ಮಾಡು."

"ಮಾಡಾಯ್ತು. ಸೋಮವಾರ ಹತ್ತೂವರೆಗೆ ಬರೋಕೆ ಹೇಳಿದಾರೆ. ಬ್ಯಾಂಕಿಗೆ ಹೋಗೋ ದಾರೀಲೇ."

ನಾರ್ಬರ್ಟ್ ಆ ಸತ್ತ ನಾಣ್ಯವನ್ನು, ಯಾವ ಅಂಗಡಿಯವನೂ ಮೂಸದ ಆ ಹೊಳೆಯುವ ನಾಣ್ಯವನ್ನು, ಮೂವತ್ತನೆಯ ಕುಳಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಟಕ್ಕೆಂದು ಕೂತಿತು. ಇಪ್ಪತ್ತೊಂಬತ್ತು ಕಂದುಬೆಳ್ಳಿಯ ನಡುವೆ ಅದೊಂದು ಹೊಸ ಮದುಮಗಳಂತೆ ಕಂಡಿತು.

"ಸಿಕ್ಕಿದ್ದಲ್ಲ ಇದು, ಕೊಂಡಿದ್ದು," ಎಂದಳು ಬರ್ನಡೀನ್. ಅವಳ ದನಿ ಸಣ್ಣದಾಗಿತ್ತು. "ನಿನ್ನ ನಿಯಮ ಏನಾಯ್ತು? ಕೆಳಗೆ ಏನಂತ ಬರೀತೀಯ?"

ಅವನು ಪೆನ್ಸಿಲ್ ತೆಗೆದ. ಮೂಗು ರಟ್ಟಿಗೆ ತಾಗುವಷ್ಟು ಬಗ್ಗಿ, ನಾಲಿಗೆ ಕಚ್ಚಿಕೊಂಡು, ಬಹಳ ಹೊತ್ತು ತೆಗೆದುಕೊಂಡು ಬರೆದ. ಬರೆದು ಹಲಗೆಯನ್ನು ಅವಳ ಕಡೆ ತಿರುಗಿಸಿದ. ಬರ್ನಡೀನ್ ಕನ್ನಡಕ ಹಾಕಿಕೊಂಡು ಓದಿದಳು.

"ಸಿಕ್ಕಿದ್ದು 1969. ಕಂಡದ್ದು 2013."

ಅವಳು ಅದನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿಲ್ಲದ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡಳು.

"ತಪ್ಪು," ಎಂದಳು. "ಅರವತ್ತೆಂಟರಲ್ಲೇ ಪೋಲ್ಕಾ ಕುಣಿಯೋವಾಗ ನನ್ನ ಕಾಲು ತುಳಿದೋನು ಯಾರು? ಅವತ್ತೇ ಸಿಕ್ಕಿದ್ದೆ ನಾನು. ಇಸವಿ ನೋಡೋದು ನಿನಗೆ ಯಾವತ್ತೂ ಸರಿಯಾಗಿ ಬರಲಿಲ್ಲ."

ನಾರ್ಬರ್ಟ್ ಪೆನ್ಸಿಲನ್ನು ತಿರುಗಿಸಿ ಹಿಡಿದು, ಗುಲಾಬಿ ರಬ್ಬರಿನಿಂದ 1969ರ ಕೊನೆಯ ಒಂಬತ್ತನ್ನು ಅಳಿಸತೊಡಗಿದ.